ಆಗೋಲ್ಲ ಎಂದ ಶನಿವಾರ

ದ್ವಾರಕಾನಾಥನ ಎಲ್ಲ ಕಷ್ಟಕ್ಕೂ ಅವನ ಉದ್ದನೆಯ ಕಾರು, ಆ ಸ್ಟೇಷನ್ ವ್ಯಾಗನ್ನೇ ಕಾರಣ ಎಂದು ಹೆಂಡತಿ ಪಂಕಜಾ ಹೇಳುತ್ತಿದ್ದಳು. ಅದು ಪೂರ್ತಿ ನಿಜವಲ್ಲ. ಪಾಪ, ವ್ಯಾಗನ್ ಕೀಲಿ ತಿರುಗಿಸಿದರೆ ಮಾತ್ರ ಹೊರಡುತ್ತಿತ್ತು. ದ್ವಾರಕಾನಾಥ ಯಾರು ಫೋನ್ ಮಾಡಿದರೂ ಹೊರಟುಬಿಡುತ್ತಿದ್ದ.

ಆಗ, ಅಂದರೆ ಎಪ್ಪತ್ತೈದನೇ ಇಸವಿಯಲ್ಲಿ, ಮ್ಯಾನ್‌ಹಟನ್ನಿನಿಂದ ನದಿ ದಾಟಿದರೆ ಸಿಗುವ ಊರುಗಳಲ್ಲಿ, ಕೆಂಡಲ್ ಪಾರ್ಕಿನಿಂದ ಪಿಸ್ಕಾಟವೇವರೆಗೆ ಲೆಕ್ಕ ಹಾಕಿದರೆ ಹದಿನಾಲ್ಕು ಕನ್ನಡ ಮನೆಗಳಿದ್ದವು. ಯಾರದಾದರೂ ಅತ್ತೆ ಕೆನಡಿ ಏರ್‌ಪೋರ್ಟಿನಲ್ಲಿ ಇಳಿದರೆ ಕರೆತರಲು ದ್ವಾರಕಾನಾಥ. ಯಾರಾದರೂ ಮನೆ ಬದಲಾಯಿಸಿದರೆ ಸೋಫಾ ಹೊರಲು ದ್ವಾರಕಾನಾಥ. ಭಾನುಮತಿಯ ಮನೆಯಲ್ಲಿ ತೊಗರಿಬೇಳೆ ಮುಗಿದರೆ ಮ್ಯಾನ್‌ಹಟನ್‌ಗೂ ದ್ವಾರಕಾನಾಥನೇ, ಏಕೆಂದರೆ ಅವಳ ಗಂಡ ಶಂಕರನಾರಾಯಣನಿಗೆ ನದಿಯ ಕೆಳಗಿನ ಸುರಂಗದಲ್ಲಿ ಕಾರು ಓಡಿಸಲು ಜೀವಭಯ. ಯಾರು ಏನು ಕೇಳಿದರೂ ಇವನದು ಒಂದೇ ಉತ್ತರ: "ಅದಕ್ಕೇನಂತೆ, ಬರ್ತೀನಿ."

ಹೀಗೆ ಊರಿಗೆಲ್ಲ ಸಾರಥಿಯಾಗಿದ್ದವನ ಸ್ವಂತ ಹೆಂಡತಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಮೈಸೂರಿನಲ್ಲಿ ಎಂ.ಎಸ್‌ಸಿ. ಮುಗಿಸಿ ಬಂದ ಪಂಕಜಾ ನಾಲ್ಕು ವರ್ಷದಿಂದ ಮನೆಯಲ್ಲಿ ಕೂತಿದ್ದಳು. ಬಸ್ಸಿಲ್ಲ, ನಡೆಯಲು ಫುಟ್‌ಪಾತಿಲ್ಲ, ಹಾಲು ಬೇಕಾದರೂ ಗಂಡ ಬರುವವರೆಗೆ ಕಾಯಬೇಕು. ಈಗ ಒಂದು ಲೈಬ್ರರಿಯವರು ಅವಳಿಗೆ ಕೆಲಸ ಕೊಡುತ್ತೇವೆಂದಿದ್ದರು. ಒಂದನೇ ತಾರೀಕಿನೊಳಗೆ ಲೈಸೆನ್ಸ್ ತೋರಿಸಬೇಕು, ಅಷ್ಟೇ. ಆದರೆ ಪಂಕಜಾ ರೋಡ್ ಟೆಸ್ಟಿನಲ್ಲಿ ಆಗಲೇ ಎರಡು ಸಲ ಫೇಲಾಗಿದ್ದಳು. ಎರಡೂ ಸಲ ಎರಡು ಕಾರಿನ ನಡುವೆ ಹಿಮ್ಮುಖವಾಗಿ ನಿಲ್ಲಿಸುವ ಆ ಪ್ಯಾರಲಲ್ ಪಾರ್ಕಿಂಗಿನಲ್ಲೇ ಎಡವಿದ್ದು. ಮೂರನೆಯ ಟೆಸ್ಟ್ ಬರುವ ಸೋಮವಾರ.

"ಈ ಸಲವೂ ಫೇಲಾದ್ರೆ ಆ ಕೆಲಸ ಬೇರೆಯವರಿಗೆ ಹೋಗತ್ತೆ," ಎಂದು ಅವಳು ಹೇಳಿದಾಗ ಧ್ವನಿಯಲ್ಲಿ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ದ್ವಾರಕಾನಾಥನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅದೇ ವಾರ ಆಫೀಸಿನಲ್ಲಿ ಒಂದು ಉಪನ್ಯಾಸ. ಕೆಂಪು ಟೈ ಕಟ್ಟಿದ ಯಾರೋ ಒಬ್ಬ ಬಂದು, ಜನ ಜೀವನವನ್ನು ಹೇಗೆ ಪೋಲು ಮಾಡುತ್ತಾರೆಂದು ಎರಡು ಗಂಟೆ ವಿವರಿಸಿದ. ಎಲ್ಲರ ಕೈಗೂ ಒಂದೊಂದು ಕಾರ್ಡ್ ಕೊಟ್ಟು, ನಿಮಗೆ ಅತಿ ಮುಖ್ಯವಾದ ಒಂದೇ ಒಂದು ವಿಷಯ ಬರೆಯಿರಿ, ಉಳಿದದ್ದಕ್ಕೆಲ್ಲ ಆಗೋಲ್ಲ ಅನ್ನಿ ಎಂದ. "ಕಾರಣ ಮಾತ್ರ ಹೇಳಬೇಡಿ. ನೀವು ಕಾರಣ ಹೇಳಿದರೆ ಎದುರಿನವನು ಆ ಕಾರಣವನ್ನು ರಿಪೇರಿ ಮಾಡಿ ನಿಮಗೇ ವಾಪಸ್ ಕೊಡುತ್ತಾನೆ," ಎಂದೂ ಎಚ್ಚರಿಸಿದ. ಪಕ್ಕದಲ್ಲಿ ಕೂತಿದ್ದವನು ಗಾಲ್ಫ್ ಎಂದು ಬರೆದ. ದ್ವಾರಕಾನಾಥ ಬಹಳ ಹೊತ್ತು ಪೆನ್ನು ಕಚ್ಚಿ, ಕನ್ನಡದಲ್ಲಿ ಬರೆದ: 'ಅತಿ ಮುಖ್ಯ: ಪಂಕಜಾ. ಉಳಿದವರಿಗೆಲ್ಲ: ಆಗೋಲ್ಲ.'

ಶುಕ್ರವಾರ ಸಂಜೆ ಆ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ನಾಳೆ ಇಡೀ ದಿನ ನಿನ್ನದೇ ಎಂದು ಹೆಂಡತಿಗೆ ಮಾತು ಕೊಟ್ಟ. ಪಂಕಜಾ ನಂಬಲೋ ಬೇಡವೋ ಎಂಬಂತೆ ನೋಡಿ ಒಂದು ಷರತ್ತು ಹಾಕಿದಳು.

"ಟೆಸ್ಟ್ ವಿಷಯ ಯಾರಿಗೂ ಬಾಯಿ ಬಿಡಕೂಡದು. ದಿವಾಕರನ ಹೆಂಡತಿ ಒಂದು ಸಲ ಫೇಲಾಗಿದ್ದನ್ನ ಗಣೇಶನ ಹಬ್ಬದಿಂದ ಇವತ್ತಿನವರೆಗೂ ಮಾತಾಡ್ತಾನೇ ಇದಾರೆ. ನನ್ನದು ಎರಡು ಸಲ ಅಂತ ಗೊತ್ತಾದ್ರೆ ನಾನು ತಲೆ ಎತ್ತಿಕೊಂಡು ಓಡಾಡೋ ಹಾಗಿಲ್ಲ."

"ನನ್ನ ಬಾಯಿಂದ ಒಂದಕ್ಷರ ಬರಲ್ಲ," ಎಂದ ದ್ವಾರಕಾನಾಥ.

ಶನಿವಾರ ಬೆಳಿಗ್ಗೆ ಏಳೂವರೆಗೆ ಮೊದಲ ಫೋನು. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಬದರಿ, ಹೊಸ ಅಪಾರ್ಟ್‌ಮೆಂಟಿಗೆ ಹಾಸಿಗೆ ಸಾಗಿಸಬೇಕಿತ್ತು.

"ಆಗೋಲ್ಲ," ಎಂದ ದ್ವಾರಕಾನಾಥ.

"ಅಂಕಲ್, ರಾಂಗ್ ನಂಬರಾ?"

"ರಾಂಗ್ ನಂಬರಲ್ಲ. ನಾನೇ. ಆಗೋಲ್ಲ."

"ಯಾಕೆ ಅಂಕಲ್?"

"ಆಗೋಲ್ಲ ಅಷ್ಟೇ." ಫೋನಿಟ್ಟ. ಒಳಗೆ ಏನೋ ಖುಷಿ.

ಎಂಟು ಗಂಟೆಗೆ ಡಾಕ್ಟರ್ ಗುರುರಾಜರು. ಅವರ ಮಾವ ಕೆನಡಿಯಲ್ಲಿ ಇಳಿಯುವವರಿದ್ದರು. ಅವರಿಗೂ ಆಗೋಲ್ಲ. ಎಂಟೂಕಾಲಿಗೆ ಭಾನುಮತಿ, ಬೇಳೆಯ ವಿಚಾರ. ಅವಳಿಗೆ ಆಗೋಲ್ಲ ಅನ್ನುವುದು ಹೊಳೆಯ ನೀರಿಗೆ ಅಡ್ಡ ನಿಂತ ಹಾಗೆ. ಆದರೂ ದ್ವಾರಕಾನಾಥ ಕಣ್ಣು ಮುಚ್ಚಿಕೊಂಡು ಅಂದೇ ಬಿಟ್ಟ.

"ಯಾಕ್ರೀ, ಮೈಗೆ ಹುಷಾರಿಲ್ವಾ?"

"ಚೆನ್ನಾಗಿದೀನಿ."

"ಗಾಡಿ ಕೆಟ್ಟಿದೆಯಾ?"

"ಗಾಡೀನೂ ಚೆನ್ನಾಗಿದೆ."

"ಹಾಗಾದ್ರೆ?"

"ಆಗೋಲ್ಲ, ಅಷ್ಟೇ."

ಭಾನುಮತಿ ಫೋನಿಟ್ಟವಳೇ ಮತ್ತೆ ಎತ್ತಿದಳು. ಡಾಕ್ಟರ ಮನೆಗೆ ಮಾಡಿದಳು, ಅಲ್ಲೂ ಆಗೋಲ್ಲ ಅಂದಿದ್ದಾನೆ. ಬದರಿಗೆ ಮಾಡಿದಳು, ಅವನಿಗೂ ಅಂದಿದ್ದಾನೆ. ಆ ವರ್ಷ ಯಾರನ್ನು ಕೇಳಿದರೂ ಲೇ ಆಫಿನ ಮಾತೇ. ಮೈಯೂ ಗಾಡಿಯೂ ಚೆನ್ನಾಗಿದ್ದು ದ್ವಾರಕಾನಾಥನಂಥ ದ್ವಾರಕಾನಾಥ ಆಗೋಲ್ಲ ಅನ್ನಬೇಕಾದರೆ ಕಾರಣ ಒಂದೇ. ಪಾಪ, ಕೆಲಸ ಹೋಗಿದೆ, ಪೆಟ್ರೋಲಿಗೂ ಹಿಂದೆಮುಂದೆ ನೋಡುತ್ತಿದ್ದಾನೆ. ಒಂಬತ್ತು ಗಂಟೆಯೊಳಗೆ ಹದಿಮೂರು ಮನೆಗೂ ಈ ಸುದ್ದಿ ಮುಟ್ಟಿತು. ಹದಿನಾಲ್ಕನೇ ಮನೆಗೆ ಮಾತ್ರ ಯಾರೂ ಹೇಳಲಿಲ್ಲ, ಅದು ದ್ವಾರಕಾನಾಥನದೇ.

ಆ ಹೊತ್ತಿಗೆ ಪಂಕಜಾ ವ್ಯಾಗನ್ನಿನಲ್ಲಿ ಸ್ಟಿಯರಿಂಗಿನ ಹಿಂದೆ ಕೂತಾಗಿತ್ತು. ಕಾಲಿಗೆ ಕ್ಯಾನ್ವಾಸ್ ಷೂ, ಸೊಂಟಕ್ಕೆ ಬಿಗಿದ ಸೆರಗು, ರಸ್ತೆ ಕಾಣಲಿ ಎಂದು ಕೆಳಗೆ ಸೋಫಾದ ದಿಂಬು. ಏಳು ವರ್ಷದ ಮಗಳು ರಾಜಿ ಟೀವಿಯ ಮುಂದಿದ್ದಳು. ದ್ವಾರಕಾನಾಥ ಪಕ್ಕದಲ್ಲಿ ಕೂತು, "ನಿಧಾನವಾಗಿ ರಿವರ್ಸ್ ಹಾಕು," ಎಂದ. ಅವಳು ಕನ್ನಡಿ ನೋಡಿದಳು. ಕನ್ನಡಿಯ ತುಂಬ ಶಂಕರನಾರಾಯಣನ ಕಾರು. ಅದು ಮನೆ ಮುಂದಿನ ಡ್ರೈವ್‌ವೇಗೆ ನುಗ್ಗಿ ಇವರ ಬೆನ್ನಿಗೇ ನಿಂತಿತ್ತು.

ಭಾನುಮತಿ ಬಿಸಿಬೇಳೆಬಾತಿನ ಪಾತ್ರೆ ಹಿಡಿದು ಇಳಿದಳು. ಮನೆಯಲ್ಲಿದ್ದ ಕೊನೆಯ ಬೇಳೆಯನ್ನೆಲ್ಲ ಅದಕ್ಕೆ ಸುರಿದಿದ್ದಳಂತೆ. ದ್ವಾರಕಾನಾಥನನ್ನು ನೋಡಿದ ತಕ್ಷಣ ಅವಳ ಕಣ್ಣು ತುಂಬಿತು.

"ನಮ್ಮ ಹತ್ರಾನೂ ಮುಚ್ಚಿಡೋದಾ? ನಾವೇನು ಹೊರಗಿನವರಾ?"

"ಏನು ಮುಚ್ಚಿಟ್ಟೆ?" ದ್ವಾರಕಾನಾಥ ಗಾಬರಿಯಾದ. ಟೆಸ್ಟಿನ ವಿಷಯ ಇವಳಿಗೆ ಹೇಗೆ ಗೊತ್ತಾಯಿತು?

"ಕೆಲಸ ಹೋಗಿದ್ದು!"

"ಯಾರ ಕೆಲಸ?"

"ಅಯ್ಯೋ, ಆಘಾತದಲ್ಲಿ ಮರೆತೇ ಹೋಗಿದೆ," ಎಂದು ಭಾನುಮತಿ ಗಂಡನ ಕಡೆ ತಿರುಗಿದಳು. ಶಂಕರನಾರಾಯಣ ದ್ವಾರಕಾನಾಥನ ಭುಜ ಹಿಡಿದು, ತುಂಬ ನಾಜೂಕಿನ ಸಾಮಾನನ್ನು ಸಾಗಿಸುವವನಂತೆ ಒಳಗೆ ಕರೆದೊಯ್ದ. ಪಂಕಜಾ ಮಾತ್ರ ಸ್ಟಿಯರಿಂಗ್ ಬಿಡಲಿಲ್ಲ. ಇಳಿದರೆ ಇಡೀ ದಿನ ಹೋಯಿತು ಎಂದು ಅವಳಿಗೆ ಗೊತ್ತಿತ್ತು.

"ಸ್ವಲ್ಪ ಕಾರು ತೆಗೀತೀರಾ? ನಾವು ಹೊರಗೆ ಹೋಗಬೇಕು," ಎಂದ ದ್ವಾರಕಾನಾಥ ಒಳಗಿನಿಂದಲೇ.

"ಎಲ್ಲಿಗೆ?"

ಎಲ್ಲಿಗೆ ಎಂದು ಹೇಳುವಂತಿಲ್ಲ.

"ಇಂಥಾ ಸ್ಥಿತೀಲಿ ಎಲ್ಲಿಗೂ ಬೇಡ. ಕೂತ್ಕೊಳ್ಳಿ," ಎಂದಳು ಭಾನುಮತಿ.

ಆಮೇಲೆ ಒಂದರ ಹಿಂದೆ ಒಂದು ಕಾರು. ಡಾಕ್ಟರ್ ಗುರುರಾಜರು ಮಾವನಿಗೆ ಟ್ಯಾಕ್ಸಿ ಹಿಡಿದು ಬರುವಂತೆ ಏರ್‌ಪೋರ್ಟಿಗೆ ಹೇಳಿಕಳಿಸಿ ಬಿ.ಪಿ. ನೋಡುವ ಪಟ್ಟಿ ತಂದರು. ಬದರಿ ತನ್ನ ಲಡಕಾಸಿ ಫೋಕ್ಸ್‌ವ್ಯಾಗನ್ನಿನಲ್ಲಿ ಹಾಸಿಗೆಯ ಸಮೇತ ಬಂದ. ಧಾರವಾಡದ ಸಿದ್ದರಾಮಪ್ಪನವರು ಹೆಂಡತಿಯ ಜೊತೆ, ಬುಟ್ಟಿ ತುಂಬ ರೊಟ್ಟಿ ಹೊತ್ತು ಬಂದರು. ಹನ್ನೊಂದರ ಹೊತ್ತಿಗೆ ಡ್ರೈವ್‌ವೇಯಲ್ಲೂ ರಸ್ತೆಯಲ್ಲೂ ಸೇರಿ ಹತ್ತು ಕಾರು, ಒಳಗೆ ಬದರಿಯ ಜೊತೆಗೆ ಒಂಬತ್ತು ಸಂಸಾರ.

"ಏನ್ರೀ ದ್ವಾರಕಾನಾಥ, ಹಿಂಗ್ ಮಾರಿ ಸಣ್ಣ ಮಾಡ್ಕೊಂಡ್ ಕುಂತ್ರ ಹ್ಯಾಂಗ?" ಎಂದರು ಸಿದ್ದರಾಮಪ್ಪ. "ನೌಕರಿ ಹೋದ್ರ ಹೋತು. ನಮ್ ಪರಿಚಯದವರದೊಂದು ಮೋಟೆಲ್ ಐತಿ ಡೆಲವೇರ್‌ದಾಗ. ಕೌಂಟರಿಗೆ ಒಬ್ಬಾಂವ ಬೇಕಂತ. ಇರಾಕ ರೂಮು, ಉಣ್ಣಾಕ ಊಟ. ಸೋಮವಾರ ಹೋಗಿಬಿಡ್ರಿ."

"ನನ್ನ ಕೆಲಸ ಹೋಗಿಲ್ಲ ಸಾರ್!"

"ಹಿಂಗ ಇರಬೇಕ್ ನೋಡ್ರಿ ಸ್ವಾಭಿಮಾನ," ಎಂದು ಸಿದ್ದರಾಮಪ್ಪ ಮಿಕ್ಕವರ ಕಡೆ ತಿರುಗಿದರು. ಎಲ್ಲರೂ ತಲೆದೂಗಿದರು.

ಡಾಕ್ಟರು ಪಟ್ಟಿ ಸುತ್ತಿ ಗಾಳಿ ಒತ್ತಿದರು. "ನೂರ ಅರವತ್ತು. ಏನು ಯೋಚನೆ ಹಚ್ಕೊಂಡಿದೀಯಪ್ಪ?"

ದ್ವಾರಕಾನಾಥ ಕಿಟಕಿಯಾಚೆ ನೋಡಿದ. ಪಂಕಜಾ ಎಂಜಿನ್ ಆಫ್ ಆಗಿದ್ದ ವ್ಯಾಗನ್ನಿನಲ್ಲಿ ಹಾಗೇ ಕೂತಿದ್ದಳು. "ಏನಿಲ್ಲ ಡಾಕ್ಟ್ರೇ. ಇನ್ಮೇಲೆ ನನ್ನ ಸಮಯವನ್ನ ನಿಜವಾಗಿ ಮುಖ್ಯವಾದ್ದಕ್ಕೆ ಮಾತ್ರ ಕೊಡಬೇಕು ಅಂತ ತೀರ್ಮಾನ ಮಾಡಿದೀನಿ."

ಡಾಕ್ಟರ ಮುಖ ಗಂಭೀರವಾಯಿತು. ಅವರು ಶಂಕರನಾರಾಯಣನನ್ನು ಮೂಲೆಗೆ ಕರೆದು, "ಈ ಮಾತು ಒಳ್ಳೇದಲ್ಲ. ದೊಡ್ಡ ಕಾಯಿಲೆ ಇದೆ ಅಂತ ಗೊತ್ತಾದ ಮೇಲೇ ಜನ ಹೀಗೆ ಮಾತಾಡೋದು," ಎಂದು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಮೊಸರು ಹುಡುಕುತ್ತಿದ್ದ ಭಾನುಮತಿ ಫ್ರಿಜ್ಜಿನ ಮೇಲಿದ್ದ ಕಾರ್ಡನ್ನು ಓದಿದಳು. ಎರಡು ಸಲ ಓದಿ, ಕಿತ್ತು ತಂದು ಗಂಡನ ಕೈಗಿಟ್ಟಳು.

"ಕೆಲಸಾನೂ ಅಲ್ಲ, ಕಾಯಿಲೆನೂ ಅಲ್ಲ ಕಣ್ರೀ! ಇದು ಗಂಡ ಹೆಂಡತಿ ವಿಷಯ. ನೋಡಿ, ಅವಳೇ ಇವರ ಕೈಲಿ ಬರೆಸಿ ಅಂಟಿಸಿದಾಳೆ. ಬೆಳಿಗ್ಗೆಯಿಂದ ಯಾಕೆ ಕಾರಲ್ಲಿ ಕೂತಿದಾಳೆ ಅಂದ್ಕೊಂಡ್ರಿ? ಮನೆ ಬಿಟ್ಟು ಹೊರಟಿದಾಳೆ! ನಮ್ಮ ಕಾರು ಅಡ್ಡ ಬಂದಿದ್ದಕ್ಕೆ ಉಳಿದಿದಾಳೆ!"

"ಪುಣ್ಯಕ್ಕೆ ಅಡ್ಡ ನಿಲ್ಲಿಸಿದೆ," ಎಂದ ಶಂಕರನಾರಾಯಣ. ಇಷ್ಟು ವರ್ಷದ ಪಾರ್ಕಿಂಗಿನಲ್ಲಿ ಮೊದಲ ಬಾರಿಗೆ ಅವನಿಗೆ ತನ್ನ ಮೇಲೆ ಹೆಮ್ಮೆ ಬಂದಿತ್ತು.

ಸರಿ, ಈಗ ಯಾರೂ ಕಾರು ತೆಗೆಯುವ ಪ್ರಶ್ನೆಯೇ ಇಲ್ಲ. ಮೊದಲು ಊಟವಾಗಲಿ, ಆಮೇಲೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸೋಣ ಎಂದು ಹಿರಿಯರು ತೀರ್ಮಾನಿಸಿದರು. ದ್ವಾರಕಾನಾಥ ಏಳಲು ಹೋದಾಗಲೆಲ್ಲ ಯಾರೋ ಒಬ್ಬರು ಒಂದು ಸೌಟು ಬಿಸಿಬೇಳೆಬಾತ್ ಬಡಿಸಿ ಕೂರಿಸಿದರು. ಸಿದ್ದರಾಮಪ್ಪನವರು ಸಂಸಾರ ಅಂದರೇನು ಎಂದು ಶುರು ಮಾಡಿ, ತಮ್ಮ ಮದುವೆಯಿಂದ ಹಿಡಿದು ಹೇಳಿದರು. ಅವರ ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು, ಒಂದು ವರ್ಷವನ್ನೂ ಬಿಡಲಿಲ್ಲ. ಎಪ್ಪತ್ತೈದನೇ ಇಸವಿಗೆ ಬರುವ ಹೊತ್ತಿಗೆ ಗಂಟೆ ಎರಡೂವರೆ.

ಆಗ ಬದರಿ ಕಿಟಕಿಯಿಂದ ಕೂಗಿದ. "ಅಂಕಲ್! ಆಂಟಿ ಕಾರಲ್ಲಿಲ್ಲ!"

ಎಲ್ಲರೂ ಕಿಟಕಿಗೆ ಮುಗಿಬಿದ್ದರು. ವ್ಯಾಗನ್ನಿನ ಬಾಗಿಲು ತೆರೆದಿತ್ತು, ಸೀಟು ಖಾಲಿ. ಮನೆಯಲ್ಲೆಲ್ಲ ಹುಡುಕಿದರು, ಬಾತ್‌ರೂಮ್ ಬಡಿದರು. ಭಾನುಮತಿ ಟೀವಿಯ ಮುಂದೆ ಕೂತಿದ್ದ ರಾಜಿಯನ್ನು ಹಿಡಿದಳು.

"ಅಮ್ಮ ಎಲ್ಲಮ್ಮ?"

"ಮಾಮ್ ಲೆಫ್ಟ್," ಎಂದಳು ರಾಜಿ ಟೀವಿಯಿಂದ ಕಣ್ಣು ತೆಗೆಯದೆ.

"ಅಯ್ಯೋ ದೇವರೇ! ಸೂಟ್‌ಕೇಸ್ ತಗೊಂಡು ಹೋದ್ಲಾ?"

"ನೋ. ಜಸ್ಟ್ ಎ ಪಿಲ್ಲೋ."

"ದಿಂಬು! ಯಾರ ಜೊತೆ ಹೋದ್ಲು?"

"ಐ ಕಾಂಟ್ ಟೆಲ್ ಯೂ, ಆಂಟಿ. ಇಟ್ಸ್ ಎ ಸೀಕ್ರೆಟ್."

ಭಾನುಮತಿ ಅಲ್ಲೇ ಸೋಫಾದ ಮೇಲೆ ಕುಸಿದಳು. ಡಾಕ್ಟರು ಪೊಲೀಸಿಗೆ ಫೋನ್ ಮಾಡೋಣ ಎಂದರು, ಶಂಕರನಾರಾಯಣ ಬಸ್ ಸ್ಟೇಷನ್ ನೋಡೋಣ ಎಂದ. ದ್ವಾರಕಾನಾಥನಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಇಷ್ಟು ಹೊತ್ತು ಇವರೆಲ್ಲ ಹೇಳಿದ್ದು ಸುಳ್ಳು ಎಂದು ಗೊತ್ತಿದ್ದರೂ ಈಗ ಅವನಿಗೂ ಅದು ನಿಜವಿರಬಹುದು ಎನಿಸಿತು. ನಾಲ್ಕು ವರ್ಷ ಕಾಯಿಸಿ, ಮಾತು ಕೊಟ್ಟ ಒಂದೇ ಒಂದು ದಿನವನ್ನೂ ಇವರ ಕೈಗೆ ಕೊಟ್ಟು ಕೂತೆನಲ್ಲ! ಬೆಳಿಗ್ಗೆ ಭಾನುಮತಿಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಮುಗಿಯುತ್ತಿತ್ತು. ಅವನು ಚಪ್ಪಲಿಯನ್ನೂ ಹಾಕದೆ ರಸ್ತೆಗೆ ಓಡಿದ. ಒಂಬತ್ತು ಸಂಸಾರವೂ ಅವನ ಹಿಂದೆ ಓಡಿತು.

ರಸ್ತೆಯ ತುದಿಯಿಂದ ದೋಣಿಯಷ್ಟು ಉದ್ದದ ಹಳೆಯ ಬ್ಯೂಕ್ ಕಾರೊಂದು ಬರುತ್ತಿತ್ತು. ಅದು ಪಕ್ಕದ ಮನೆಯ ಮಿಸೆಸ್ ಕೊವಾಲ್ಸ್ಕಿಯದು. ಇಪ್ಪತ್ತೆರಡು ವರ್ಷ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದ ಆ ಮುದುಕಿ ಬಲಗಡೆಯ ಸೀಟಿನಲ್ಲಿ ಕೈಕಟ್ಟಿ ಕೂತಿದ್ದಳು. ಸ್ಟಿಯರಿಂಗಿನ ಹಿಂದೆ, ದಿಂಬಿನ ಮೇಲೆ, ಪಂಕಜಾ!

ರಸ್ತೆಯಲ್ಲಿ ಉಳಿದಿದ್ದು ಒಂದೇ ಜಾಗ, ಸಿದ್ದರಾಮಪ್ಪನವರ ಡಾಡ್ಜ್‌ಗೂ ಬದರಿಯ ಫೋಕ್ಸ್‌ವ್ಯಾಗನ್‌ಗೂ ನಡುವೆ. ಬ್ಯೂಕ್ ಮುಂದೆ ಹೋಗಿ ನಿಂತಿತು. ಪಂಕಜಾ ಹಿಂದೆ ತಿರುಗಿ ನೋಡಿ, ಸ್ಟಿಯರಿಂಗ್ ತಿರುಗಿಸಿ, ಅಷ್ಟು ಉದ್ದದ ಗಾಡಿಯನ್ನು ಒಂದೇ ಸಲಕ್ಕೆ ಒಳಗೆ ತಂದು, ರಸ್ತೆಯಲ್ಲಿ ಫುಟ್‌ಬಾಲ್ ಆಡುತ್ತಿದ್ದ ಹುಡುಗರೂ ನಿಂತು ನೋಡುವ ಹಾಗೆ ನೆಟ್ಟಗೆ ನಿಲ್ಲಿಸಿದಳು. ಸಿದ್ದರಾಮಪ್ಪನವರು ತಮ್ಮ ಡಾಡ್ಜ್‌ನ ಬಂಪರ್ ಸವರಿ ನೋಡಿದರು. ಒಂದು ಗೀಚೂ ಇರಲಿಲ್ಲ.

"ಆಹಾ! ಏನ್ ಕೈರೀ ಅದು!" ಎಂದರು.

ಪಂಕಜಾ ಕೆಳಗಿಳಿದಳು. ದ್ವಾರಕಾನಾಥ ಎಲ್ಲರೆದುರಿಗೂ ಅವಳ ಕೈ ಹಿಡಿದುಕೊಂಡುಬಿಟ್ಟ. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ. "ನಾನು ಎಷ್ಟು ಹೆದರಿಕೊಂಡೆ ಗೊತ್ತಾ?" ಎಂದ.

ಆದರೆ ಗಂಡಹೆಂಡಿರನ್ನು ಮಾತಾಡಲು ಬಿಟ್ಟರೆ ತಾನೆ? ಒಂಬತ್ತು ಜನ ಹೆಂಗಸರು ಪಂಕಜಾಳನ್ನು ಮುತ್ತಿದರು. ಅವರಲ್ಲಿ ಒಬ್ಬಳಿಗೂ ಡ್ರೈವಿಂಗ್ ಬರುತ್ತಿರಲಿಲ್ಲ. ಭಾನುಮತಿ ಎರಡು ವರ್ಷದಿಂದ ಲರ್ನರ್ಸ್ ಪರ್ಮಿಟ್ಟನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಳು, ಶಂಕರನಾರಾಯಣ ಕಲಿಸುವ ಮಾತೆತ್ತಿದರೆ ಸೊಂಟ ನೋವು ಎನ್ನುತ್ತಿದ್ದ.

"ಪಂಕಜಾ, ಇದನ್ನೆಲ್ಲ ಯಾವಾಗ ಕಲಿತೆ? ಕಳ್ಳಿ, ಹೇಳಲೇ ಇಲ್ಲ! ಇಷ್ಟು ಚೆನ್ನಾಗಿ ಕಲಿಸಿದ್ದು ಯಾರೇ?"

ಪಂಕಜಾ ಬಾಯಿ ತೆರೆದಳು. ಒಂದು ಸಲ ಮಿಸೆಸ್ ಕೊವಾಲ್ಸ್ಕಿಯನ್ನು ನೋಡಿದಳು. ಒಂದು ಸಲ ಒಂಬತ್ತು ಜನ ಹೆಂಗಸರನ್ನು ನೋಡಿದಳು. ಭಾನುಮತಿ ಆಗಲೇ ಪರ್ಸಿನಿಂದ ಪರ್ಮಿಟ್ ಹೊರಗೆ ತೆಗೆದಿದ್ದಳು.

"ಇನ್ಯಾರು? ಇವರೇ!" ಎಂದು ಪಂಕಜಾ ಗಂಡನ ಬೆನ್ನು ತಟ್ಟಿದಳು. "ಎಂಥಾ ತಾಳ್ಮೆ ಅಂತೀರಿ, ಒಂದು ದಿನ ಗಟ್ಟಿಯಾಗಿ ಬೈದವರಲ್ಲ. ಇವತ್ತು ಸುಮ್ನೆ ಪಕ್ಕದ ಮನೆಯವರ ಕಾರಲ್ಲಿ ಒಂದು ಸುತ್ತು ಹೊಡೆದೆ, ಅಷ್ಟೇ."

"ಅಲ್ಲ, ನಾನಲ್ಲ..." ಎಂದ ದ್ವಾರಕಾನಾಥ.

"ನೋಡಿ ಎಂಥಾ ವಿನಯ!" ಎಂದಳು ಭಾನುಮತಿ.

"ಹೆಂಡತಿಗೆ ಡ್ರೈವಿಂಗ್ ಕಲಿಸಿ ಇನ್ನೂ ಅವಳ ಕೈ ಹಿಡ್ಕೊಂಡು ನಿಂತಿದಾನೆ ಅಂದ್ರೆ ಇವನು ಸಾಮಾನ್ಯನಲ್ಲ," ಎಂದ ಶಂಕರನಾರಾಯಣ. ಅವನ ಸೊಂಟನೋವು ಆ ಕ್ಷಣವೇ ಹೋದಂತೆ ಕಂಡಿತು. "ದ್ವಾರಕಾನಾಥ, ನಮ್ಮನೆಯವಳನ್ನೂ ನಿನಗೆ ಒಪ್ಪಿಸಿದೀನಿ."

"ನಮ್ಮಾಕೀನೂ ಸೇರಿಸ್ಕೋರಿ," ಎಂದರು ಸಿದ್ದರಾಮಪ್ಪ. ಡಾಕ್ಟರು, ಬಿ.ಪಿ. ಇಳಿಯಲು ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ ಎಂದು ತಮ್ಮ ಹೆಂಡತಿಯ ಹೆಸರನ್ನೂ ಕೊಟ್ಟರು. ಎರಡು ನಿಮಿಷದಲ್ಲಿ ಒಂಬತ್ತು ಹೆಸರಾಯಿತು. ಇವತ್ತು ಇಬ್ಬರು, ನಾಳೆ ಏಳು ಜನ, ಆಮೇಲೆ ಪ್ರತಿ ಶನಿವಾರ ಭಾನುವಾರ. ಬೆಳಿಗ್ಗೆಯಿಂದ ಗೂಟ ಹೊಡೆದಂತೆ ನಿಂತಿದ್ದ ಕಾರುಗಳನ್ನೆಲ್ಲ ಗಂಡಸರು ಓಡಿ ಹೋಗಿ ತೆಗೆದು, ಡ್ರೈವ್‌ವೇ ಖಾಲಿ ಮಾಡಿಕೊಟ್ಟರು.

ದ್ವಾರಕಾನಾಥ ಹೆಂಡತಿಯನ್ನು ಪಕ್ಕಕ್ಕೆಳೆದ. "ಏನೇ ಇದು? ನಿಜ ಹೇಳಬಾರದಿತ್ತಾ?"

"ಹೇಳಿದ್ರೆ ಈ ಒಂಬತ್ತೂ ಜನ ಇವತ್ತೇ ಮಿಸೆಸ್ ಕೊವಾಲ್ಸ್ಕಿ ಮನೆ ಬಾಗಿಲಲ್ಲಿ ಇರ್ತಾರೆ. ಬೆಳಿಗ್ಗೆಯಿಂದ ನಾನು ಕಾರಲ್ಲೇ ಕೂತಿದ್ದನ್ನ ನೋಡಿ ಅವರೇ ಕರೆದು ಕಲಿಸಿದ್ರು. ನಾಳೆ ಇಡೀ ದಿನವೂ ಅವರು ನನಗೆ ಕೊಟ್ಟಿದಾರೆ ರೀ, ಹೈವೇ ಕಲಿಸ್ತಾರಂತೆ. ಅದನ್ನ ಯಾರಿಗೂ ಬಿಟ್ಟುಕೊಡಲ್ಲ. ನನಗೆ ಸೋಮವಾರ ಟೆಸ್ಟ್ ಇದೆ."

"ಮತ್ತೆ ನಾನು?"

ಪಂಕಜಾ ಅವನ ಕಾಲರ್ ಸರಿಮಾಡಿದಳು. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಪ್ರೀತಿಯೇ ಇತ್ತು. "ನಿಮಗೆ ಹೇಗಿದ್ರೂ ಇದೆಲ್ಲ ಅಭ್ಯಾಸವಿದೆ," ಎಂದು ಹೇಳಿ, ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಮತ್ತೆ ಬ್ಯೂಕ್ ಹತ್ತಿದಳು. ಅದು ಎಷ್ಟು ಚೊಕ್ಕವಾಗಿ ಒಳಗೆ ಬಂದಿತ್ತೋ ಅಷ್ಟೇ ಚೊಕ್ಕವಾಗಿ ಹೊರಗೆ ಹೋಯಿತು.

ಭಾನುಮತಿ ಆಗಲೇ ವ್ಯಾಗನ್ನಿನ ಸ್ಟಿಯರಿಂಗ್ ಹಿಡಿದು ಹಾರ್ನ್ ಹೊಡೆಯುತ್ತಿದ್ದಳು. ದ್ವಾರಕಾನಾಥ ಹೋಗಿ ಅವಳ ಪಕ್ಕದಲ್ಲಿ ಕೂತು, ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡ.

"ಏನೂ ಯೋಚನೆ ಮಾಡ್ಬೇಡಿ, ನನಗೆ ಎಲ್ಲಾ ಓದಿ ಗೊತ್ತಿದೆ," ಎಂದಳು ಭಾನುಮತಿ.

ಹಿಂದಕ್ಕೆ ಹೋಗಬೇಕಾಗಿದ್ದ ವ್ಯಾಗನ್ ಮುಂದಕ್ಕೆ, ಗ್ಯಾರೇಜಿನ ಬಾಗಿಲಿನ ಕಡೆಗೆ ಹೊರಟಿತು.